ತೋರಣದ ಹುಳು

ಮಲ್ಲೇಶ್ವರ
ಏಪ್ರಿಲ್ 3, ಶುಕ್ರವಾರ

ಪ್ರೀತಿಯ ಅತ್ತೆ,

ಪ್ರಿಯಂವದೆಯ ನಮಸ್ಕಾರಗಳು. ಹೇಗಿದ್ದೀರಿ? ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ? ಚಾಮರಾಜಪೇಟೆಯಲ್ಲಿ ಸೆಖೆ ಹೇಗಿದೆ? ಚಿಕ್ಕತ್ತೆಯ ಮನೆಯ ಫ್ಯಾನು ತಿರುಗುವುದಕ್ಕಿಂತ ಸದ್ದು ಮಾಡುವುದೇ ಜಾಸ್ತಿ, ನಿಮಗೆ ನಿದ್ದೆ ಬರುತ್ತಿದೆಯೋ ಇಲ್ಲವೋ ಎಂದು ನನಗೆ ಯೋಚನೆ. ನೀವು ಫೋನು ಆಫ್ ಮಾಡಿಟ್ಟು ಎರಡು ವಾರವಾಯಿತು. ಚಿಕ್ಕತ್ತೆಗೆ ಮಾಡಿದರೆ ‘ಅಕ್ಕ ಸ್ನಾನಕ್ಕೆ ಹೋಗಿದಾಳೆ ಕಣಮ್ಮಾ’ ಅನ್ನುತ್ತಾರೆ. ಬೆಳಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಈ ಬೇಸಿಗೆಯಲ್ಲಿ ಚಾಮರಾಜಪೇಟೆಗೆ ಅಷ್ಟೊಂದು ನೀರು ಬಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಅಕ್ಷರ ದಪ್ಪದಪ್ಪ ಬರೆದಿದ್ದೇನೆ, ಆದರೂ ನೀವು ಆಯಾಸ ಮಾಡಿಕೊಳ್ಳಬೇಡಿ, ಚಿಕ್ಕತ್ತೆ ಓದಿ ಹೇಳಲಿ. ಚಿಕ್ಕತ್ತೆ, ನಿಮಗೂ ನಮಸ್ಕಾರ. ಅಕ್ಕನಿಗೆ ಬೇಜಾರಾಗುತ್ತದೆಂದು ಯಾವ ಸಾಲನ್ನೂ ಹಾರಿಸಿ ಓದಬೇಡಿ.

ಇಲ್ಲಿ ಊಟ ತಿಂಡಿ ಹೇಗೋ ನಡೆಯುತ್ತಿದೆ. ನಿಮ್ಮ ಮಗ ಮಧು ಎರಡು ದಿನ ಹುಳಿ ಮಾಡಿದ, ಮೂರನೆಯ ದಿನ ಮಾಡು ಎಂದು ಯಾರೂ ಕೇಳಲಿಲ್ಲ. ರಾಮನವಮಿಗೆ ಪಾನಕ, ಕೋಸಂಬರಿ ನಾನೇ ಮಾಡಿದೆ. ಪಾನಕಕ್ಕೆ ಬೆಲ್ಲ ಹೆಚ್ಚಾಗಿತ್ತು, ಮಾವ ಮಾತಾಡದೆ ಕುಡಿದರು. ನಮ್ಮ ರಸ್ತೆಯ ಹೊಂಗೆ ಮರಗಳು ಚಿಗುರಿ ಹೂ ಉದುರಿಸುತ್ತಿವೆ, ಎಷ್ಟು ಗುಡಿಸಿದರೂ ರಂಗೋಲಿಯ ಮೇಲೆ ಅರಳು ಚೆಲ್ಲಿದ ಹಾಗಿರುತ್ತದೆ. ಬಿಸಿಲೇರಿದರೆ ಸಾಕು, ಹಳದಿ ಚಿಟ್ಟೆಗಳು ಒಂದರ ಹಿಂದೆ ಒಂದು ಕಾಂಪೌಂಡು ದಾಟಿ ಹೋಗುತ್ತವೆ. ಇದು ಅವುಗಳ ಕಾಲವಂತೆ. ಈ ಮನೆಯಲ್ಲಿದ್ದು ನಾನೂ ಇಷ್ಟು ಕಲಿತಿದ್ದೇನೆ.

ಇನ್ನು ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ನಿಮ್ಮ ತಂಗಿಗೆ ನೀವು ಅರ್ಧ ಮಾತ್ರ ಹೇಳಿರುತ್ತೀರಿ. ಚಿಕ್ಕತ್ತೆ, ನಿಮ್ಮ ಭಾವ ಮೇಷ್ಟ್ರ ಕೆಲಸದಿಂದ ರಿಟೈರಾದಾಗ ಮಧು ಒಂದು ಕ್ಯಾಮೆರಾ ತಂದುಕೊಟ್ಟನಲ್ಲ, ಎಲ್ಲ ಶುರುವಾಗಿದ್ದು ಅಲ್ಲಿಂದ. ಮೊದಲು ಲಾಲ್‌ಬಾಗು, ಸ್ಯಾಂಕಿ ಕೆರೆ ಎಂದು ಸುತ್ತಿದರು. ಆಮೇಲೆ ನಮ್ಮ ಹಿತ್ತಲಿಗೇ ಇಷ್ಟು ಚಿಟ್ಟೆ ಬರುತ್ತವಲ್ಲ ಎಂದು ಇಲ್ಲೇ ಬೀಡುಬಿಟ್ಟರು. ಕರಿಬೇವು ಕೀಳುವ ಹಾಗಿಲ್ಲ, ಅದರಲ್ಲಿ ಮೊಟ್ಟೆ. ನಿಂಬೆ ಗಿಡ ಮುಟ್ಟುವ ಹಾಗಿಲ್ಲ, ಅದರಲ್ಲಿ ಮರಿ. ಹಿತ್ತಲಲ್ಲಿ ಆಳೆತ್ತರದ ಗಿಡ ಇಟ್ಟುಕೊಂಡು ಅತ್ತೆ ಎಂಟನೇ ಕ್ರಾಸಿನಿಂದ ಕರಿಬೇವು ಕೊಂಡು ತಂದು ಒಗ್ಗರಣೆ ಹಾಕಿದರು. ದೇವರಿಗೆಂದು ತಂದ ರಸಬಾಳೆ ಹಿತ್ತಲ ಗೋಡೆಯ ಮೇಲೆ ಕಪ್ಪಾಗುತ್ತಾ ಕೂತಿರುತ್ತಿತ್ತು, ಕೊಳೆತ ಹಣ್ಣಿಗೆ ಬರುವ ಚಿಟ್ಟೆಗಳಿಗಾಗಿ. ಇದನ್ನೆಲ್ಲ ಅತ್ತೆ ನಗುನಗುತ್ತಲೇ ಸಹಿಸಿದರು. ‘ನಾಲ್ಕು ಸಾವಿರ ಚಿಟ್ಟೆ ತೆಗ್ದಿದಾರೆ ಕಣೇ, ನಂದೊಂದು ಫೋಟೋ ಇಲ್ಲ’ ಎಂದು ನನ್ನ ಹತ್ತಿರ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯೋ ಅಲ್ಲವೋ ಎಂದು ನಾನು ಆಗ ಕೇಳಲಿಲ್ಲ.

ಅತ್ತೆ, ಈಗ ಮತ್ತೆ ನಿಮಗೆ. ಯುಗಾದಿಯ ಬೆಳಗ್ಗೆ ನೀವು ಸ್ಟೂಲು ಹತ್ತಿ ಹಿತ್ತಲ ಮರದಿಂದಲೇ ಮಾವಿನ ಸೊಪ್ಪು ಕಿತ್ತು ತೋರಣ ಕಟ್ಟಿದಿರಿ. ಮನೆಯಲ್ಲೇ ಮರವಿರುವಾಗ ಮಾರ್ಕೆಟ್ಟಿನ ಸೊಪ್ಪು ಕಟ್ಟುವುದಿಲ್ಲ ಎಂದು ನಿಮ್ಮ ಹಠ. ಆ ಹಠ ಸರಿಯಾಗಿಯೇ ಇತ್ತು. ಮಾವ ಬಂದು ತಲೆಯೆತ್ತಿ ನೋಡಿದರೆ ಒಂದು ಎಲೆಯ ಮೇಲೆ ಹಸಿರು ಹುಳು. ಎಲೆಯ ನಡುನರಕ್ಕೆ ತನ್ನ ಬೆನ್ನಿನ ಹಳದಿ ಗೆರೆಯನ್ನು ಸರಿಯಾಗಿ ಹೊಂದಿಸಿಕೊಂಡು ಮಲಗಿತ್ತು. ನನಗಂತೂ ತೋರಿಸಿದ ಮೇಲೂ ಕಾಣಲಿಲ್ಲ. ಎದುರುಮನೆಯವರು ಬೇವುಬೆಲ್ಲ ಕೊಡಲು ಬಂದು ಅಲ್ಲೇ ನಿಂತಿದ್ದರು. ಅವರೆದುರಿಗೇ ಮಾವ ‘ಎಲೆ ನೋಡ್ದೆ ಕೀಳ್ತೀಯಲ್ಲ, ನಿಂಗೇನು ಕಣ್ಣು ಕಾಣಲ್ವಾ?’ ಅಂದುಬಿಟ್ಟರು. ಇಂಥ ಮಾತು ಯಾವ ಮನೆಯಲ್ಲಿ ಬರುವುದಿಲ್ಲ ಹೇಳಿ. ಆದರೆ ನಿಮಗೆ ನಿಜವಾಗಿಯೂ ಕಣ್ಣು ಕಾಣುವುದಿಲ್ಲ ಎನ್ನುವುದು ಅಲ್ಲಿದ್ದವರಲ್ಲಿ ನಿಮಗೂ ನನಗೂ ಮಾತ್ರ ಗೊತ್ತಿತ್ತು. ಎಡಗಣ್ಣಿನ ಪೊರೆ ಬಲಿತಿದೆ, ಬಲಗಣ್ಣಿಗೂ ಶುರುವಾಗಿದೆ ಎಂದು ಡಾಕ್ಟರು ಹೇಳಿದಾಗ ಜೊತೆಗಿದ್ದವಳು ನಾನು. ಆಟೋದಲ್ಲಿ ಬರುವಾಗ ನೀವು ನನ್ನ ಕೈ ಹಿಡಿದು ‘ಅವರಿಗೆ ಹೇಳ್ಬೇಡ. ಕಂಡ್ರೆ ಅವರಿಗೇ ಕಾಣ್ಲಿ’ ಅಂದಿರಿ.

ಆ ದಿನ ನೀವು ಸ್ಟೂಲಿನಿಂದ ಇಳಿದಿರಿ, ಎಲ್ಲರಿಗೂ ಒಬ್ಬಟ್ಟು ಬಡಿಸಿದಿರಿ. ಮಾರನೆಯ ದಿನ ‘ಆಪರೇಷನ್ ತಂಗಿ ಶೈಲಜನ ಮನೇಲೇ ಇದ್ದು ಮಾಡಿಸ್ಕೋತೀನಿ’ ಎಂದು ನನಗೊಬ್ಬಳಿಗೇ ಹೇಳಿ ಬ್ಯಾಗು ಹಿಡಿದು ಹೊರಟಿರಿ. ನನಗೆ ಮಾವನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ನಿಮ್ಮ ಮೇಲೂ ಸ್ವಲ್ಪ ಬಂದಿತ್ತು. ಜೀವಮಾನವಿಡೀ ಮಕ್ಕಳಿಗೆ ಪರೀಕ್ಷೆ ಮಾಡಿದ ಮೇಷ್ಟ್ರಿಗೆ ನೀವು ಪ್ರಶ್ನೆಪತ್ರಿಕೆಯನ್ನೇ ಕೊಡದೆ ಪರೀಕ್ಷೆ ಇಟ್ಟಿರಿ.

ನೀವು ಹೋದ ದಿನವೇ ಆ ಹುಳು ಅದೇ ಎಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತುಕೊಂಡು ಕೋಶ ಕಟ್ಟಿತು. ಹಸಿರು ಬಣ್ಣ, ಅಂಚಿನಲ್ಲಿ ಚಿನ್ನದ ಚುಕ್ಕಿಗಳು, ನಿಮ್ಮ ಜುಮುಕಿಯಷ್ಟು ಗಾತ್ರ. ಮಾವ ಕುರ್ಚಿ ತಂದು ಬಾಗಿಲಲ್ಲೇ ಹಾಕಿಕೊಂಡರು. ಪೇಪರು ಅಲ್ಲೇ, ಕಾಫಿ ಅಲ್ಲೇ. ಹೂವಿನವಳಿಂದ ಹಿಡಿದು ನನ್ನವರೆಗೆ ಎಲ್ಲರೂ ಪಕ್ಕಕ್ಕೆ ಸರಿದು ಓಡಾಡಬೇಕು. ಎಲೆಗಳು ಒಣಗಿ ಗಾಳಿಗೆ ಸದ್ದು ಮಾಡತೊಡಗಿವೆ. ಮಧು ‘ತೆಗೆದುಬಿಡ್ಲಾ ಅಪ್ಪಾ?’ ಎಂದು ಕೇಳಿದರೆ ‘ಅವಳು ಕಟ್ಟಿದ್ದು, ಅವಳೇ ಬಂದು ಬಿಚ್ಲಿ’ ಅಂದರು. ನಾನು ಇದನ್ನು ಬರೆಯುತ್ತಿರುವಾಗಲೂ ಅಲ್ಲೇ ಕೂತಿದ್ದಾರೆ, ಊಟದ ಮೇಜಿನಿಂದ ಅವರ ಬೆನ್ನು ಕಾಣುತ್ತಿದೆ.

ಅಲ್ಲಿ ಕೂತು ಹೊತ್ತು ಕಳೆಯಬೇಕಲ್ಲ, ಹಳೆಯ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದರು. ಅವರ ಪಾಠ ನಿಮಗೆ ಬಾಯಿಪಾಠವಿದೆ: ‘ಹಿಂದಿನದೆಲ್ಲ ಮಸುಕಾಗ್ಬೇಕು, ಆಗ್ಲೇ ಚಿಟ್ಟೆ ಎದ್ದು ಕಾಣೋದು.’ ಹೋದ ಶನಿವಾರ ಮಧ್ಯಾಹ್ನ ನನ್ನನ್ನು ಕರೆದರು. ತೆರೆಯ ಮೇಲೆ ಕರಿಬೇವಿನ ಮೇಲೆ ಕೂತ ಕಪ್ಪು ಚಿಟ್ಟೆ. ಅವರು ಬೆರಳಿಟ್ಟಿದ್ದು ಚಿಟ್ಟೆಯ ಮೇಲಲ್ಲ, ಅದರ ಹಿಂದಿನ ಮಸುಕಿನ ಮೇಲೆ. ಅಲ್ಲಿ ನೀವು ಹಿತ್ತಲ ಮೆಟ್ಟಿಲು ಇಳಿಯುತ್ತಿದ್ದೀರಿ, ಒಂದು ಕೈ ಗೋಡೆಯ ಮೇಲೆ. ಇನ್ನೊಂದು ಫೋಟೋದಲ್ಲಿ ಬೇರೆ ಚಿಟ್ಟೆ, ಅದೇ ಗೋಡೆ, ಅದೇ ಕೈ. ದೀಪಾವಳಿಯ ಹೊತ್ತಿನ ಫೋಟೋಗಳಲ್ಲಿ ನೀವು ಗೋಡೆ ಹಿಡಿದಿಲ್ಲ. ಸಂಕ್ರಾಂತಿಯಿಂದ ಈಚೆಗೆ ಹಿಡಿಯದ ಫೋಟೋ ಇಲ್ಲ. ಮತ್ತೊಂದರಲ್ಲಿ ಮೊರದ ಅಕ್ಕಿಯನ್ನು ಮುಖದ ಹತ್ತಿರ ತಂದುಕೊಂಡು, ಕತ್ತು ವಾಲಿಸಿ, ಬಲಗಣ್ಣಿನಿಂದ ನೋಡುತ್ತಿದ್ದೀರಿ. ನಾನು ಬಾಯಿ ಬಿಡಲಿಲ್ಲ, ನಿಮ್ಮಾಣೆಗೂ. ಅವರೇ ‘ಇವಳಿಗೆ ಎಡಗಣ್ಣು ಕಾಣಿಸ್ತಿಲ್ಲ, ಅಲ್ವೇನಮ್ಮಾ?’ ಎಂದರು. ನಾನು ಹೂಂ ಅನ್ನಲಿಲ್ಲ, ಉಹುಂ ಅಂತಲೂ ಅನ್ನಲಿಲ್ಲ. ಲ್ಯಾಪ್‌ಟಾಪು ಮುಚ್ಚಿದರು. ಆಮೇಲೆ ‘ಕಣ್ಣು ಕಾಣಲ್ವಾ ಅಂದ್ಬಿಟ್ಟೆ’ ಎಂದರು. ಅದನ್ನೇ ಇನ್ನೊಂದು ಸಲ ಅಂದರು. ಅತ್ತೆ, ಮಾವ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು.

ಹಾಗಾಗಿ ನಿಮ್ಮ ಫೋಟೋ ಇಲ್ಲವೆಂಬ ದೂರನ್ನು ವಾಪಸು ತೆಗೆದುಕೊಳ್ಳಿ. ಬೇಕಾದಷ್ಟಿವೆ. ಎಲ್ಲದರಲ್ಲೂ ಮಸುಕಾಗಿದ್ದೀರಿ, ಅದು ಬೇರೆ ಮಾತು. ಅವತ್ತು ಸಂಜೆಯೇ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೊರಟರು. ಗೇಟಿನವರೆಗೆ ಹೋಗಿ ‘ಕರೀದೆ ಹೋದ್ರೆ ಇನ್ನೂ ಸಿಟ್ಟಾಗ್ತಾಳೆ’ ಎಂದು ವಾಪಸು ಬಂದರು. ನಾನು ಅವರ ವಕೀಲಳಲ್ಲ. ಹಬ್ಬದ ದಿನ ನಾಲ್ಕು ಜನರ ಎದುರು ಆಡಿದ ಮಾತು ಆಡಿದ್ದೇ, ನೀವು ಮರೆಯಬೇಕು ಎಂದು ನಾನು ಹೇಳುವುದಿಲ್ಲ. ಆದರೆ ನಿನ್ನೆ ಮಧು ಊಟ ಮಾಡುತ್ತಿದ್ದಾಗ ನಾನು ಅವನನ್ನೇ ನೋಡುತ್ತಾ ಕೂತೆ. ‘ಏನೇ?’ ಅಂದ. ಅವನ ಕಿವಿಯ ಪಕ್ಕ ಅಷ್ಟೊಂದು ಬಿಳಿಕೂದಲು ಯಾವಾಗ ಬಂತೋ ನನಗೆ ಗೊತ್ತೇ ಇರಲಿಲ್ಲ.

ಬುಧವಾರ ಆಪರೇಷನ್. ಯಾವತ್ತು, ಎಲ್ಲಿ ಎಂದು ಮಾವನಿಗೆ ಇನ್ನೂ ಗೊತ್ತಿಲ್ಲ, ನೀವು ಹೂಂ ಅನ್ನುವ ತನಕ ನಾನಾಗಿ ಹೇಳುವುದಿಲ್ಲ. ಕೇಳುವುದು ಇಷ್ಟೇ: ಆ ಬೆಳಗ್ಗೆ ನಾನೊಬ್ಬಳೇ ಬರಲೋ, ಅವರನ್ನೂ ಕರೆದುಕೊಂಡು ಬರಲೋ? ಚಿಕ್ಕತ್ತೆ ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು, ಸ್ನಾನ ಮುಗಿದ ಮೇಲೆ.

ಕಣ್ಣು ಉಜ್ಜಬೇಡಿ. ಬಿಸಿಲಲ್ಲಿ ಗಾಂಧಿಬಜಾರಿಗೆ ಹೋಗುತ್ತೇನೆಂದು ಹೊರಡಬೇಡಿ. ಮಧು ನಿಮ್ಮಿಬ್ಬರಿಗೂ ನಮಸ್ಕಾರ ಹೇಳಿದ್ದಾನೆ. ಮಾವ ಏನೂ ಹೇಳಿಲ್ಲ, ನಾನು ಯಾರಿಗೆ ಬರೆಯುತ್ತಿದ್ದೇನೆಂದು ಅವರಿಗೆ ತಿಳಿಯದು.

ನಿಮ್ಮಿಬ್ಬರ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಪ್ರಿಯಂವದಾ

ಮತ್ತೆ: ಕವರು ಅಂಟಿಸುವ ಮುಂಚೆ ಇನ್ನೊಂದು. ಚಿಕ್ಕತ್ತೆ, ಇದನ್ನು ನಿಧಾನವಾಗಿ ಓದಿ. ತೋರಣದ ಕೋಶ ಹೋದ ಭಾನುವಾರವೇ ಒಡೆಯಿತು. ಕಂದು ಬಣ್ಣದ ದೊಡ್ಡ ಚಿಟ್ಟೆ, ಹೆಣ್ಣಂತೆ. ರೆಕ್ಕೆ ಒಣಗಿಸಿಕೊಂಡು ಮಾವಿನ ಮರದ ಕಡೆಗೆ ಹಾರಿಹೋಯಿತು. ಮಾವ ಒಂದು ಫೋಟೋವನ್ನೂ ತೆಗೆಯಲಿಲ್ಲ, ಕ್ಯಾಮೆರಾ ಬೀರುವಿನಲ್ಲಿದೆ. ಈಗ ಆ ಬಾಗಿಲಲ್ಲಿ ನೋಡುವುದಕ್ಕೆ ಒಣಗಿದ ಎಲೆ ಬಿಟ್ಟರೆ ಏನೂ ಇಲ್ಲ. ಆದರೂ ಕುರ್ಚಿಯನ್ನು ಒಳಗೆ ತಂದಿಲ್ಲ. ಗೇಟು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾರೆ.