ಗಂಟು ಕಟ್ಟುವ ಕುಪ್ಪಸ

ಆಗಸ್ಟ್ 4, ಭಾನುವಾರ

ಪಫ್ ತೋಳು ಮತ್ತೆ ಬಿಚ್ಚಿದೆ. ನೆರಿಗೆ ಒಂದೇ ಕಡೆ ಗುಂಪಾಗುತ್ತದೆ. ಹಳೆಯ ಫೋಟೋದಲ್ಲಿ ಅತ್ತೆಯದು ಎಷ್ಟು ಚೆನ್ನಾಗಿ ಕೂತಿದೆ... ಮುದುಕಿ ಆಗ ಚೆಂದವೇ ಇದ್ದಳು. ಹೊಟ್ಟೆ ಉರಿಯುತ್ತದೆ. ಇಂಥ ಹಳೇ ನಮೂನೆ ಹೊಲಿದು ಹಾಕಿಕೊಂಡು ಹೋದರೆ ನಾನು ಕಲಿಸುವ ಶಾಲೆಯಲ್ಲಿ ಮೇಡಂಗಳೆಲ್ಲ ಸುತ್ತುವರಿದು ಹೊಗಳುತ್ತಾರೆ. ಮನೆಯಲ್ಲಿ ಅತ್ತೆ— "ಸತ್ತವ್ರ ಅಂಗಿ ಹಾಕ್ಕೊಂಡಂಗ ಕಾಣ್ತಿ."

ಆಕೆಯ ಟ್ರಂಕಿನಲ್ಲಿ ಹಸಿರು ಇಳಕಲ್ ಸೀರೆ ಇದೆ. ಕುರ್ತಾಕ್ಕೆ ಕೇಳಿದೆ.

"ಅದು ನನ್ನ ಮಣ್ಣಿಗಿಟ್ಟದ್ದು. ಸತ್ತಾಗ ಅದನ್ನೇ ಉಡಸ್ರಿ."

ಅಂಥ ಬಟ್ಟೆ ಹುಳ ತಿನ್ನಬೇಕಂತೆ.

ಆಗಸ್ಟ್ 19

ಅತ್ತೆಗೆ ಎದೆನೋವು. ಬೀದರ್ ದವಾಖಾನೆ, ಐಸಿಯು. ಇವರೂ ಅಲ್ಲೇ. ಟ್ರಂಕಿನ ಕೀ ನನ್ನ ಹತ್ತಿರ.

ಆಗಸ್ಟ್ 21

ಡಾಕ್ಟರು ಆಸೆ ಬಿಡಿ ಎಂದರಂತೆ.

ಕತ್ತರಿಸಿದೆ. ಮಣ್ಣಿಗೆ ಜಹೀರಾಬಾದ್ ಪೇಟೆಯಲ್ಲಿ ಯಾವುದೋ ಒಂದು ಸೀರೆ ತಂದರಾಯಿತು. ಎತ್ತರದ ಕಾಲರ್, ತೋಳಿಗೆ ಇಳಕಲ್ ಸೀರೆಯ ಅಂಚು. ಪಫ್ ಈ ಸಲ ಸರಿಯಾಗಿ ಕೂತಿತು. ಖುಷಿಯಾಯಿತು. ನಾಚಿಕೆ ಆಗಲಿಲ್ಲ.

ಸೆಪ್ಟೆಂಬರ್ 2

ಬದುಕಿ ಬಂದಳು.

ಮಧ್ಯಾಹ್ನವೇ ಡಿಸ್ಚಾರ್ಜ್, ನನಗೆ ಫೋನೂ ಇಲ್ಲ. ಶಾಲೆಯಿಂದ ಅದೇ ಕುರ್ತಾದಲ್ಲಿ ಒಳಗೆ ಬಂದೆ. ಅತ್ತೆ ತೋಳು ಹಿಡಿದು ಅಂಚು ನೋಡಿದಳು. ಅಳಲಿಲ್ಲ, ಬೈಯಲಿಲ್ಲ.

"ಚಲೋ ಹೊಲದಿ, ಪ್ರೇಮಲಾ. ಈಗ ನಿನ್ನ ಲಗ್ನದ ಸೀರಿ ತಾ. ನನ್ನ ಮಣ್ಣಿಗೆ ಅದೇ."

ಇವರ ಮುಖ ನೋಡಿದೆ. "ಕೊಟ್ಟುಬಿಡು. ನೀನೇ ಮಾಡ್ಕೊಂಡಿದ್ದು" ಎಂದರು.

ಆ ಸೀರೆ ನನ್ನ ಅವ್ವ ಉಡಿಸಿದ್ದು. ಲಗ್ನವಾದ ತಿಂಗಳಲ್ಲೇ ನಾರಾಯಣಖೇಡದಲ್ಲಿ ಅವ್ವ ತೀರಿದಳು. ಅವಳದು ಅಂತ ನನಗೆ ಉಳಿದದ್ದು ಅದೊಂದೇ.

ಸೆಪ್ಟೆಂಬರ್ 8

ಸೀರೆ ಸಾಲದಂತೆ.

"ಹಳೀ ನಮೂನಿ ಹೊಲಿಯಾಕ ಬರ್ತದಲ್ಲ ನಿನಗ. ಇದರ ಸೆರಗಿನಾಗ ನನಗೊಂದು ಎದಿ ಮುಂದ ಗಂಟು ಕಟ್ಟೋ ಕುಪ್ಪಸ ಹೊಲಿ. ಸೀರಿ ಜೋಡಿ ಅದನ್ನೂ ಹಾಕಿ ಮಣ್ಣ ಮಾಡ್ರಿ."

ಅಳತೆ ತೆಗೆದೆ. ಎದೆ, ಬೆನ್ನು, ತೋಳು.

"ಸಡ್ಲ ಇಡು. ಸತ್ತ ಮ್ಯಾಲ ಮೈ ಬಿಗೀತದ. ಹಾಕಾಕಿ ನೀನೇ, ನಿನಗೇ ತ್ರಾಸ."

ಟೇಪ್ ಆಕೆಯ ಕೊರಳಿನ ಸುತ್ತ ಇತ್ತು. ಒಂದು ಕ್ಷಣ ಬಿಗಿಯಾಗಿ ಹಿಡಿದೆ. ಆಕೆ ನಕ್ಕಳು. ಬಿಟ್ಟೆ.

ಸೆರಗು ಹಾಸಿದೆ. ಉಡಿಸುವಾಗ ಅವ್ವನ ಕೈಯಿಂದ ಹತ್ತಿದ ಅರಿಶಿನ ಇನ್ನೂ ಇದೆ, ಬೆರಳು ಬೆರಳಾಗಿ. ಅದನ್ನು ತಪ್ಪಿಸಿ ಕತ್ತರಿ ಇಟ್ಟೆ. ಅತ್ತೆ ನನ್ನ ಕೈ ಸರಿಸಿದಳು.

"ಅಲ್ಲಿ ಬ್ಯಾಡ. ಆ ಅರಿಶಿನದ ಕಲಿ ನನ್ನ ಎದಿ ಮ್ಯಾಲ ಬರ್ಲಿ."

ಕತ್ತರಿಸಿದೆ. ಅವ್ವಾ, ನಾನು ನಿನ್ನ ಬೆರಳ ಗುರುತನ್ನೂ ಆಕೆಗೆ ಕೊಟ್ಟುಬಿಟ್ಟೆ.