ದಾರಿ ಬಿಡಿ ಎನ್ನುವ ಫಲಕವೇ ದಾರಿಗೆ ಅಡ್ಡ

ರಸ್ತೆ ಸುರಕ್ಷತಾ ಅಧಿಕಾರಿಗಳೇ,

ಮಾನ್ಯರೇ ಎಂದು ಆಮೇಲೆ ಕರೆಯುತ್ತೇನೆ. ಮೊದಲು ನಮ್ಮ ಬೀದಿಯ ಆ ಫಲಕವನ್ನು ಕೀಳಿಸಿ. ‘ಪಾದಚಾರಿಗಳಿಗೆ ದಾರಿ ಬಿಡಿ’ ಎಂದು ಬರೆಸಿ, ರಸ್ತೆ ದಾಟುವ ಬಿಳಿ ಪಟ್ಟೆಗಳಿಗೆ ಅಂಟಿಕೊಂಡಂತೆ, ವಾಹನ ಬರುವ ಬದಿಗೇ ಎರಡು ತಿಂಗಳ ಹಿಂದೆ ನೆಡಿಸಿದಿರಲ್ಲ, ಅದು. ಅಗಲ ಏಳಡಿ, ಎತ್ತರ ಆರಡಿ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಅದರ ಹಿಂದೆ ನಿಂತ ಮನುಷ್ಯ ಡ್ರೈವರಿಗೆ ಕಾಣುವುದಿಲ್ಲ, ಬರುವ ಗಾಡಿ ಆ ಮನುಷ್ಯನಿಗೂ ಕಾಣುವುದಿಲ್ಲ. ಇಬ್ಬರಿಗೂ ಸಮಾನ ನ್ಯಾಯ ಒದಗಿಸಿದ್ದೀರಿ.

ನಾನು ಲಾಂಡ್ರಿಯವನು. ಒಂದು ಇಸ್ತ್ರಿಪೆಟ್ಟಿಗೆಯಿಂದ ಶುರುಮಾಡಿ ಒಂದು ವ್ಯಾನಿನ ತನಕ ಬಂದವನು. ಇಸ್ತ್ರಿಯ ಕೋಣೆ ರಸ್ತೆಯ ಈಚೆ, ಅಂಗಡಿ ಆಚೆ. ಗರಿಗರಿ ಬಟ್ಟೆ ಮುದುಡಬಾರದು, ಹ್ಯಾಂಗರ್ ಸಮೇತ ಬಲಭುಜದ ಮೇಲೆ ಹೊತ್ತೇ ದಾಟಬೇಕು ಎಂಬುದು ನಾನು ಮಾಡಿದ ಕಾನೂನು. ಹದಿನೆಂಟು ವರ್ಷ ನನ್ನ ಹೆಂಡತಿ ಅದನ್ನು ಪಾಲಿಸಿದಳು, ಒಂದು ತರಚು ಗಾಯವಿಲ್ಲದೆ. ವಾಹನಗಳೂ ಬಲದಿಂದಲೇ ಬರುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇದು ನನ್ನ ಪಾಲಿನ ತಪ್ಪು, ಒಪ್ಪಿದೆ. ನಿಮ್ಮ ಪಾಲು ಕೇಳಿ.

ಕಳೆದ ತಿಂಗಳು ಒಂದು ಬೆಳಿಗ್ಗೆ ಫಲಕದ ಹಿಂದಿನಿಂದ ಎಂಟು ಬಿಳಿ ಅಂಗಿಗಳು ರಸ್ತೆಗೆ ಇಳಿದವು. ವ್ಯಾನಿನವನು ಬ್ರೇಕ್ ತುಳಿಯುವಷ್ಟರಲ್ಲಿ ಅವು ನೆಲದ ಮೇಲಿದ್ದವು. ಅಂಗಿಗಳ ಕೆಳಗೆ ನನ್ನ ಹೆಂಡತಿ, ಕಾಲು ಮುರಿದು. ವ್ಯಾನಿನಲ್ಲಿದ್ದವನು ನಾನೇ.

ಯಾರನ್ನು ಬೈಯಲಿ, ಸ್ವಾಮಿ? ಆಸ್ಪತ್ರೆಯಲ್ಲಿ ಅವಳು ಅಂದದ್ದು ಒಂದೇ ಮಾತು: “ನೀವಾಗಿದ್ದಕ್ಕೆ ಸರಿಹೋಯ್ತು ಕಣ್ರೀ. ಬೇರೆಯವರಾಗಿದ್ರೆ ನಿಲ್ಲಿಸದೆ ಹೋಗಿರೋರು.” ತಮಾಷೆಗೆ ಅಂದಳು. ನಾನು ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತೆ.

ನಿಮ್ಮ ಕಚೇರಿಗೆ ಐದು ಸಲ ಬಂದೆ. ನಾಲ್ಕು ಸಲ ನೀವಿರಲಿಲ್ಲ, ಐದನೆಯ ಸಲ ನೀವಿದ್ದೀರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಅರ್ಜಿ ಓದಿ, ಅಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. “ಹಾಗಿದ್ರೆ ಫಲಕ ಕೆಲಸ ಮಾಡ್ತಾ ಇದೆ ಅಂತಲೇ ಅಲ್ವೇನ್ರಿ?” ಎಂದರು. ಹೆಂಡತಿ ಬದುಕಿದ್ದಕ್ಕೆ ನಾನು ಕ್ಷಮೆ ಕೇಳಿ ಬರಬೇಕಿತ್ತೇ?

ಇನ್ನು ಹನ್ನೊಂದು ದಿನಕ್ಕೆ ಅವಳ ಪ್ಲಾಸ್ಟರ್ ಬಿಚ್ಚುತ್ತಾರೆ. ನಡಿಗೆ ಕಲಿಸುವ ಚಿಕಿತ್ಸಾಲಯ ಇರುವುದೂ ರಸ್ತೆಯ ಆಚೆಗೇ. ಕೈಯಲ್ಲಿ ಊರುಗೋಲು, ಮೊದಲಿನ ಅರ್ಧ ವೇಗ. ವ್ಯಾನಿನಲ್ಲಿ ಕರೆದೊಯ್ಯೋಣವೆಂದರೆ, ಆ ದಿನದಿಂದ ನಾನು ಅದರ ಕೀಲಿ ಮುಟ್ಟಿಲ್ಲ. ಫಲಕವನ್ನು ಪಟ್ಟೆಗಳ ಈ ಬದಿಯಿಂದ ಆ ಬದಿಗೆ ನೆಡಿಸಿ, ಹನ್ನೆರಡೇ ಅಡಿ. ಗುಂಡಿ ನಾನೇ ತೋಡಿಕೊಡುತ್ತೇನೆ. ಹನ್ನೊಂದು ದಿನದೊಳಗೆ ಅದೊಂದು ಮಾಡಿ, ಮಾನ್ಯರೇ. ನೋಡಿ, ಕರೆದೇಬಿಟ್ಟೆ.

ಇಂತಿ,
ದಾರಿ ಬಿಡದ ಡ್ರೈವರ್, ದಾರಿ ಸಿಗದವಳ ಗಂಡ