ಏಳನೇ ಸುತ್ತಿನ ಸಪ್ಪೆ ಚಹಾ

ಗುವಾಂಗ್‌ಝೌ, ಶನಿವಾರ

ಅತ್ತಿಗೆ,

ನಿಮ್ಮ ಚಹಾ ಹುಚ್ಚಿನ ನಾದಿನಿ ಇಲ್ಲಿನ ಚಹಾ ಮೇಳ ತಲುಪಿದ್ದಾಳೆ. ಎಷ್ಟು ದೊಡ್ಡದೆಂದರೆ, ದಾರಿ ತಪ್ಪಿದವರು ಸುಟ್ಟ ಬಾತುಕೋಳಿಯ ವಾಸನೆ ಹಿಡಿದೇ ಬಾಗಿಲಿಗೆ ಬರಬೇಕು. “ಐವತ್ತರಲ್ಲಿ ನಿಂಗ್ಯಾರೇ ಕಲಿಸ್ತಾರೆ?” ಎಂದು ನಕ್ಕಿದ್ದಿರಲ್ಲ, ಇದ್ದಿಲ ಮೇಲೆ ಚಹಾ ಎಲೆ ಹುರಿಯುವ ಆ ಝೆಂಗ್ ಅಜ್ಜನ ಮಳಿಗೆ ಕೊನೆಗೂ ಸಿಕ್ಕಿತು. ಕೆಲಸ ಕಲಿಸಿ ಎಂದು ಕೇಳಿ, ಮನೆಯಲ್ಲಿ ನಾನೇ ಹುರಿದ ಎಲೆಯ ಪೊಟ್ಟಣ ಕೈಗಿಟ್ಟೆ. ಅಜ್ಜ ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದರು. ನನಗೆ ಚಹಾ ಬಗ್ಗಿಸುತ್ತಾ ಹಳೆಯ ಎಲೆಗೇ ನೀರು ಹೊಯ್ಯುತ್ತಾ ಹೋದರು. ಏಳನೇ ಸುತ್ತಿಗೆ ಚಹಾ ಬರೀ ಬಿಸಿನೀರಾಯಿತು. ನಮ್ಮಲ್ಲಿ ಅತಿಥಿಗೆ ಎಲೆ ಬದಲಿಸದಿದ್ದರೆ ‘ಇನ್ನು ಹೊರಡು’ ಎಂದೇ ತಾನೇ ಅರ್ಥ? ಚೀಲ ಹೆಗಲಿಗೇರಿಸಿದೆ.

“ಏಯ್, ಎಲ್ಲಿಗೆ ಹೊರಟೆ?” ಅಜ್ಜ ಗದರಿದರು. “ನಿನ್ನ ಪೊಟ್ಟಣ ಮೂಸ್ತಾ ಕೂತು ಎಲೆ ಬದಲಾಯಿಸೋದೇ ಮರ್ತೆ ಕಣಮ್ಮ. ಸೀಯಿಸಿದ್ದೀಯ. ಆದ್ರೆ ಒಂದೆಲೆನೂ ಬಿಡದೆ ಒಂದೇ ಸಮ ಸೀಯಿಸಿದ್ದೀಯ! ಕೂತ್ಕೋ.” ಹಳೆಯದನ್ನು ಚೆಲ್ಲಿ ಹೊಸ ಎಲೆ ಹಾಕಿದರು.

ನನ್ನ ಕೆಮ್ಮು ಕಡಿಮೆಯಾಗಿದೆ. ಸೋಮವಾರದ ರೈಲಿಗೆ ನನಗಾಗಿ ಕಾಯಬೇಡಿ. ನನ್ನ ಹಳೆಯ ನೂಲಿನ ಅಂಗಿಗಳನ್ನು ಕಳಿಸಿಕೊಡಿ, ಕೆಂಡದ ಕಿಡಿ ಬಿದ್ದು ತೂತಾದರೂ ಹೊಟ್ಟೆ ಉರಿಯದಂಥವು.

ಮುಝೆನ್